ಇಂಗ್ಲಿಷ್ ಹೋಂವರ್ಕಿಗೆ ಸ್ಟೋರಿವೀವರ್: ನಾಲ್ಕು ವರ್ಷಗಳ ಬಳಕೆಯ ಅನುಭವ

ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ಐದನೇ ತರಗತಿಗೆ ಬಂದಾಗಿನಿಂದ ಅವಳಿಗೆ ಇಂಗ್ಲಿಷ್ ಹೋಂವರ್ಕ್ ಮಾಡಿಸುವ ಹೊಣೆ ನನ್ನದು. ಈಗ ಅವಳು ಎಂಟನೇ ತರಗತಿಯಲ್ಲಿದ್ದಾಳೆ. ಮೊದಲು ಕೆಲವು ತಿಂಗಳು ಹಣ ಕಟ್ಟಿ ಒಂದು ಕಲಿಕಾ ಆ್ಯಪ್ ಬಳಸಿದೆವು. ಉತ್ತರ ಸರಿಯೋ ತಪ್ಪೋ ಎಂಬುದನ್ನು ಅದು ಹೇಳುತ್ತಿತ್ತು, ಆದರೆ ಹುಡುಗಿ ಎಲ್ಲಿ ಎಡವಿದಳು ಎಂಬುದು ಅದರಿಂದ ತಿಳಿಯುತ್ತಿರಲಿಲ್ಲ. ಆಮೇಲೆ ನಾವು ನೆಚ್ಚಿಕೊಂಡದ್ದು ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಉಚಿತ ಜಾಲತಾಣವನ್ನು.

ಇಲ್ಲಿ ಮಕ್ಕಳ ಕಥೆಗಳನ್ನು ಓದಿನ ನಾಲ್ಕು ಹಂತಗಳಲ್ಲಿ ಜೋಡಿಸಿದ್ದಾರೆ. ಮೊದಲ ಹಂತದ ಕಥೆಗಳು ಸುಮಾರು 250 ಪದಗಳ ಒಳಗಿರುತ್ತವೆ, ಎರಡನೆಯ ಹಂತದವು 600ರ ಒಳಗೆ, ಮೂರನೆಯವು 1500ರ ಒಳಗೆ. ಕೃತಿಯನ್ನು ಇತರರು ಬಳಸಲು, ಹಂಚಲು ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪ್ರಕಟವಾಗುವುದರಿಂದ ಪಿಡಿಎಫ್ ಇಳಿಸಿಕೊಂಡು ನಿಶ್ಚಿಂತೆಯಿಂದ ಮುದ್ರಿಸಿಕೊಳ್ಳಬಹುದು.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು, ಎಷ್ಟೋ ಕಥೆಗಳು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಸಿಗುತ್ತವೆ ಎಂಬುದು. ಗದ್ಯಭಾಗ ಓದಿ ಉತ್ತರಿಸುವಾಗ ನಮ್ಮ ಹುಡುಗಿ, ಪ್ರಶ್ನೆಯಲ್ಲಿರುವ ಒಂದು ಪದವನ್ನು ಗದ್ಯದಲ್ಲಿ ಹುಡುಕಿ, ಆ ಪದವಿರುವ ಸಾಲನ್ನು ಇದ್ದ ಹಾಗೆಯೇ ಇಳಿಸಿಬಿಡುತ್ತಿದ್ದಳು. ಉತ್ತರ ಕೆಲವೊಮ್ಮೆ ಸರಿಯಾಗಿರುತ್ತಿತ್ತು, ಅರ್ಥ ಮಾತ್ರ ಆಗಿರುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಕಥೆ ಓದಿಸಿ, "ಅವನು ಯಾಕೆ ಸುಳ್ಳು ಹೇಳಿದ?" ಎಂಬಂಥ ಪ್ರಶ್ನೆ ಕೇಳಿ, ಉತ್ತರ ಬಾರದಿದ್ದರೆ ಅದೇ ಕಥೆಯ ಕನ್ನಡ ಪ್ರತಿಯನ್ನು ಕೊಡುತ್ತಾ ಬಂದೆ. ಕನ್ನಡದಲ್ಲಿ ಓದಿದ ಕೂಡಲೇ ಉತ್ತರ ಹೊಳೆದರೆ ಅವಳಿಗೆ ತೊಡಕಾದದ್ದು ಇಂಗ್ಲಿಷ್ ಪದ. ಕನ್ನಡದಲ್ಲೂ ಹೊಳೆಯದಿದ್ದರೆ ಸಾಲುಗಳ ನಡುವಿನ ಕಾರಣವನ್ನು ಊಹಿಸುವ ಅಭ್ಯಾಸವೇ ಆಗಬೇಕು. ಈ ಎರಡಕ್ಕೂ ಮದ್ದು ಬೇರೆ ಬೇರೆ. ಅಚ್ಚರಿಯೆಂದರೆ, ಮೊದಲ ವರ್ಷ ಅವಳಿಗೆ ಕಾಡಿದ್ದು ಹೆಚ್ಚಾಗಿ ಎರಡನೆಯದು. ನಾನೋ ಅಲ್ಲಿಯವರೆಗೆ ಬರೀ ಪದಗಳ ಅರ್ಥ ಬಾಯಿಪಾಠ ಮಾಡಿಸುತ್ತಿದ್ದೆ.

ವ್ಯಾಕರಣಕ್ಕೂ ಈ ಜೋಡಿ ಓದು ಒದಗಿತು. "ಅಮ್ಮನಿಗೆ ಜ್ವರ" ಎಂಬ ಕನ್ನಡ ವಾಕ್ಯಕ್ಕೆ ಕ್ರಿಯಾಪದವೇ ಬೇಕಿಲ್ಲ. ಆದ್ದರಿಂದ ಇಂಗ್ಲಿಷ್ ವಾಕ್ಯದಲ್ಲಿ ಅವಳು 'ಹ್ಯಾಸ್' ಬಿಡುತ್ತಿದ್ದುದು ಅಸಡ್ಡೆಯಿಂದಲ್ಲ. ಹಾಗೆಯೇ ಮನೆಯಲ್ಲಿ, ಬಸ್ಸಿನಲ್ಲಿ, ಮೈಸೂರಿನಲ್ಲಿ ಎನ್ನಲು ನಮಗೆ 'ಅಲ್ಲಿ' ಎಂಬ ಒಂದೇ ಸಪ್ತಮಿ ಪ್ರತ್ಯಯ ಸಾಕು, ಇಂಗ್ಲಿಷಿಗೆ 'ಅಟ್', 'ಆನ್', 'ಇನ್' ಮೂರೂ ಬೇಕು. ಎರಡು ಮುದ್ರಿತ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಕನ್ನಡದ ಪ್ರತ್ಯಯಕ್ಕೆ ಒಂದು ಬಣ್ಣ, ಇಂಗ್ಲಿಷಿನ ಬಿಡಿಪದಕ್ಕೆ ಅದೇ ಬಣ್ಣ ಹಚ್ಚಿಸಿದೆ. ನಿಯಮ ಹೇಳಿಕೊಟ್ಟಾಗ ಹಿಡಿತಕ್ಕೆ ಸಿಗದಿದ್ದುದು ಒಂದು ಮಳೆಗಾಲದೊಳಗೆ ಬಹುಮಟ್ಟಿಗೆ ದಾರಿಗೆ ಬಂತು. 'ಎ', 'ದ' ಎಲ್ಲಿ ಬರಬೇಕೆಂಬುದು ಮಾತ್ರ ಇಂದಿಗೂ ತಡವರಿಸುವ ವಿಷಯವೇ.

ಇದು ಕಥೆಗಳ ಭಂಡಾರವೇ ಹೊರತು ವ್ಯಾಕರಣದ ತರಗತಿಯಲ್ಲ ಎಂಬುದನ್ನು ಬಳಸುವವರು ತಿಳಿದಿರಬೇಕು. ಕಾಲಗಳನ್ನು, ಕರ್ಮಣಿ ಪ್ರಯೋಗವನ್ನು ತಿದ್ದಿಸುವ ಅಭ್ಯಾಸಪಾಠಗಳನ್ನು ನಾನೇ ಕಥೆಯ ವಾಕ್ಯಗಳಿಂದ ಬರೆದುಕೊಳ್ಳುತ್ತೇನೆ. ಒಂದು ಕಥೆಗೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಯಾರು ಬೇಕಾದರೂ ಅನುವಾದಿಸಿ ಸೇರಿಸಬಹುದಾದ ತಾಣವಾದ್ದರಿಂದ, ಮಗುವಿಗೆ ಕೊಡುವ ಮುನ್ನ ಎರಡೂ ಪ್ರತಿಗಳನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು. ಪಕ್ಕದಲ್ಲಿ ಕೂರಲು ಮನೆಯಲ್ಲಿ ಯಾರೂ ಇಲ್ಲದ ಮಗುವಿಗೆ ಈ ಕ್ರಮ ಹೊಂದುವುದು ಕಷ್ಟ. ಅಂಥವರಿಗೆ ಇದೇ ತಾಣದಲ್ಲಿರುವ, ಧ್ವನಿಯೊಡನೆ ಪದಗಳು ಬೆಳಗುತ್ತಾ ಸಾಗುವ ಓದುಕಥೆಗಳು ಕೆಲಮಟ್ಟಿಗೆ ನೆರವಾದಾವು.

ಈಗ ನಾವು ಕ್ರಮವನ್ನು ತಿರುಗಿಸಿದ್ದೇವೆ. ಕನ್ನಡದ ಎರಡನೇ ಹಂತದ ಕಥೆಯೊಂದನ್ನು ಅವಳೇ ಇಂಗ್ಲಿಷಿಗೆ ತಂದು, ಬಳಿಕ ತಾಣದಲ್ಲಿರುವ ಇಂಗ್ಲಿಷ್ ಪ್ರತಿಯೊಡನೆ ಹೋಲಿಸಿ, ತನ್ನ ತಪ್ಪುಗಳನ್ನು ತಾನೇ ಗುರುತು ಮಾಡಿ ನನಗೆ ತೋರಿಸುತ್ತಾಳೆ.