ಎಲ್‌ಡಿಎಲ್ (ರಕ್ತದ ‘ಕೆಟ್ಟ’ ಕೊಲೆಸ್ಟ್ರಾಲ್) ಇಳಿಸಲು ಇಸಬ್ಗೋಲೋ, ಸ್ಟೆರಾಲೋ, ಕೆಂಪು ಯೀಸ್ಟ್ ಅಕ್ಕಿಯೋ?

ಮೊದಲು ನೋಡಬೇಕಾದದ್ದು ಇಸಬ್ಗೋಲ್. ದಿನಕ್ಕೆ 10 ಗ್ರಾಂ ಹೊಟ್ಟು ಕರುಳಿನಲ್ಲಿ ಪಿತ್ತಾಮ್ಲವನ್ನು (ಲಿವರ್ ಕೊಲೆಸ್ಟ್ರಾಲ್‌ನಿಂದ ತಯಾರಿಸುವ, ಕೊಬ್ಬು ಜೀರ್ಣಿಸುವ ಅಂಶ) ಹಿಡಿದು ಹೊರಹಾಕುತ್ತದೆ. ಎಲ್‌ಡಿಎಲ್ ಸುಮಾರು ಶೇ. 5ರಿಂದ 10ರಷ್ಟು ಇಳಿಯುತ್ತದೆ. 3–4 ಗ್ರಾಂನಿಂದ ಶುರು ಮಾಡಿ ನಿಧಾನವಾಗಿ ಏರಿಸಿ; ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ದೊಡ್ಡ ಲೋಟ ನೀರಿನಲ್ಲಿ ಕದಡಿ ತಕ್ಷಣ ಕುಡಿಯಬೇಕು. ನೀರು ಕಡಿಮೆಯಾದರೆ ಲೋಳೆಗಟ್ಟಿ ಗಂಟಲಲ್ಲೇ ಸಿಕ್ಕಿಕೊಳ್ಳಬಹುದು. ಬೇರೆ ಮಾತ್ರೆಗಳಿಗೆ 2 ಗಂಟೆ ಅಂತರವಿರಲಿ.

ಸಸ್ಯ ಸ್ಟೆರಾಲ್ (ಸಸ್ಯಗಳಲ್ಲಿರುವ, ಕೊಲೆಸ್ಟ್ರಾಲ್ ಹೋಲುವ ಅಂಶ) ದಿನಕ್ಕೆ 2 ಗ್ರಾಂ; ಫಲ ಹೆಚ್ಚುಕಡಿಮೆ ಇಷ್ಟೇ. ಊಟದ ಜೊತೆಗೇ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಗೆ ನುಂಗಿದರೆ ಹೆಚ್ಚಿನ ಪಾಲು ದಂಡ.

ಕೆಂಪು ಯೀಸ್ಟ್ ಅಕ್ಕಿ (ಶಿಲೀಂಧ್ರ ಬೆಳೆಸಿ ಹುದುಗಿಸಿದ ಅಕ್ಕಿ) ಇವೆರಡಕ್ಕಿಂತ ಜೋರು, ಏಕೆಂದರೆ ಅದರಲ್ಲಿರುವ ಮೊನಾಕೊಲಿನ್ ಕೆ ಅಂದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಔಷಧ ಲೊವಾಸ್ಟ್ಯಾಟಿನ್ನೇ! ಪ್ರಮಾಣ ಮಾತ್ರ ಡಬ್ಬಿಯಿಂದ ಡಬ್ಬಿಗೆ ಬೇರೆ. ಸ್ನಾಯು ನೋವು, ಲಿವರ್ ತೊಂದರೆಯ ಭಯವೂ ಇದೆ. ಸ್ಟ್ಯಾಟಿನ್ ಜೊತೆಗೆ, ಗರ್ಭಿಣಿಯರಿಗೆ ಬೇಡವೇ ಬೇಡ.

ಮೀನೆಣ್ಣೆ ಇಳಿಸುವುದು ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್‌ ಅನ್ನು, ಎಲ್‌ಡಿಎಲ್‌ ಅನ್ನಲ್ಲ.

ಯಾವುದೇ ಆರಿಸಿದರೂ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. 8–12 ವಾರದ ಮೇಲೆ ಲಿಪಿಡ್ (ರಕ್ತದ ಕೊಬ್ಬಿನ) ಪರೀಕ್ಷೆ ಮಾಡಿಸಿ.