ಸೊಳ್ಳೆ ಕಡಿತದ ತುರಿಕೆಗೆ ಐಸೋ, ಬಿಸಿ ಚಮಚವೋ?

ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಕ್ಕೆ ಇಳಿದವರಿಗೆ ಇದು ಗೊತ್ತೇ ಇದೆ. ಮರದಿಂದ ಬಿದ್ದ ಅಡಿಕೆ ಹಾಳೆಯಲ್ಲಿ ನೀರು ನಿಂತಿರುತ್ತದೆ. ಕಪ್ಪು ಮೈ, ಬಿಳಿ ಪಟ್ಟೆಯ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ, ಹಾಡುಹಗಲೇ ಕಾಲಿಗೆ ಮುತ್ತುತ್ತದೆ. ಕಚ್ಚುವುದು ಹೆಣ್ಣು ಸೊಳ್ಳೆ. ಅದರ ಜೊಲ್ಲು ಚರ್ಮದೊಳಗೆ ಹೋದ ಕೂಡಲೇ ನಮ್ಮ ದೇಹ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತದೆ. ದಡಿಕೆ (ಊದಿದ ಗುಳ್ಳೆ) ಏಳುವುದು, ತುರಿಸುವುದು ಅದರಿಂದ. ಕೆರೆದಷ್ಟೂ ತುರಿಕೆ ಜಾಸ್ತಿ. ಚರ್ಮ ಕಿತ್ತುಹೋದರೆ ನಮ್ಮೂರಿನ ಈ ತೇವಕ್ಕೆ ಕೀವಾಗಲು ಹೊತ್ತು ಬೇಡ. ಮನೆಯ ಮಕ್ಕಳ ಕಾಲಲ್ಲಿ ಅಂಥ ಹುಣ್ಣು ನೋಡಿದ ಮೇಲೆ, ಕೆರೆಯದೆ ತುರಿಕೆ ಇಳಿಸಲು ಯಾವುದು ನಿಜಕ್ಕೂ ಆಗುತ್ತದೆ ಎಂದು ನನ್ನ ಕಾಲಲ್ಲೇ ನೋಡಿದೆ. ಒಂದೇ ಸಂಜೆಯ ಕಡಿತಗಳು, ಒಂದೊಂದಕ್ಕೆ ಒಂದೊಂದು ಮದ್ದು.

ಐಸ್ ತುಂಡನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟರೆ ಊತ ತಗ್ಗುತ್ತದೆ, ಜಾಗ ಜೋಮು ಹಿಡಿದು ತುರಿಕೆ ಗೊತ್ತಾಗುವುದಿಲ್ಲ. ಈಗಷ್ಟೇ ಕಚ್ಚಿದ್ದಕ್ಕೆ ಇದು ಬಹಳ ಒಳ್ಳೆಯದು. ತೊಂದರೆ ಒಂದೇ, ಜೋಮು ಬಿಟ್ಟ ಮೇಲೆ ತುರಿಕೆ ಮೆಲ್ಲಗೆ ವಾಪಸು ಬರುತ್ತದೆ.

ಬಿಸಿ ಚಮಚದ ಕತೆ ಬೇರೆ. ಸ್ಟೀಲ್ ಚಮಚವನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಮೊದಲು ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡಬೇಕು. ತಡೆಯುವಷ್ಟು ಬಿಸಿ ಇದ್ದರೆ ಮಾತ್ರ ದಡಿಕೆಯ ಮೇಲೆ ಕೆಲವು ಸೆಕೆಂಡು ಒತ್ತುವುದು. ಒಂದು ಕ್ಷಣ ತುರಿಕೆ ಭುಗ್ ಅಂತ ಏರುತ್ತದೆ, ಆಮೇಲೆ ಸ್ವಿಚ್ ಆಫ್ ಮಾಡಿದ ಹಾಗೆ ನಿಂತುಬಿಡುತ್ತದೆ. ಇದೇ ಕೆಲಸಕ್ಕೆ ಸುಮಾರು 50 ಡಿಗ್ರಿ ಬಿಸಿ ಕೊಡುವ, ಪೆನ್ನಿನಂಥ ಬ್ಯಾಟರಿ ಸಾಧನಗಳೂ ಸಿಗುತ್ತವೆ. ನನ್ನ ಮಟ್ಟಿಗೆ ಐಸ್‌ಗಿಂತ ಇದೇ ಮೇಲು, ರಾತ್ರಿಯಂತೂ ಖಂಡಿತ. ಆದರೆ ಕುದಿಯುವ ಚಹಾದಿಂದ ತೆಗೆದ ಚಮಚ ಚರ್ಮ ಸುಡುತ್ತದೆ. ಮಕ್ಕಳಿಗೆ ಇದು ಬೇಡವೇ ಬೇಡ.

ಮಕ್ಕಳಿಗೆ ಕ್ಯಾಲಮೈನ್ ಲೋಷನ್ ಸಾಕು. ಅಡಿಯಲ್ಲಿ ಗಸಿ ಕೂತಿರುತ್ತದೆ, ಬಾಟಲಿ ಚೆನ್ನಾಗಿ ಅಲ್ಲಾಡಿಸಿ ಹಚ್ಚಬೇಕು. ಆರುತ್ತಾ ತಂಪು ಕೊಡುತ್ತದೆ. ಜುಲೈ ತಿಂಗಳಲ್ಲಿ ಆರುವುದೇ ನಿಧಾನ, ಬೆವರಿದರೆ ತೊಳೆದೂ ಹೋಗುತ್ತದೆ. ಆದರೂ ಉರಿ ಇಲ್ಲ, ಮಕ್ಕಳು ಹಟ ಮಾಡದೆ ಹಚ್ಚಿಸಿಕೊಳ್ಳುತ್ತಾರೆ.

"ನುಸಿ ಕಚ್ಚಿದಲ್ಲಿಗೆ ಸುಣ್ಣ ಕಿಟ್ಟು" (ಸೊಳ್ಳೆ ಕಚ್ಚಿದಲ್ಲಿಗೆ ಸುಣ್ಣ ಹಚ್ಚು) ಎಂದು ಎಲೆಪೆಟ್ಟಿಗೆ ಮುಂದಿಡುವ ಅಜ್ಜಿಯಂದಿರು ನಮ್ಮಲ್ಲಿ ಈಗಲೂ ಇದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಸುಣ್ಣ ತೀರಾ ಖಾರದ ಕ್ಷಾರ. ಅದರ ಉರಿಯಲ್ಲಿ ತುರಿಕೆ ಮರೆತುಹೋಗುತ್ತದೆ ಅಷ್ಟೇ, ಮರುದಿನ ಸಿಪ್ಪೆ ಏಳುತ್ತದೆ. ದಯವಿಟ್ಟು ಬಿಡಿ. ಲೋಳೆಸರ ಹಸಿ ಇರುವಷ್ಟು ಹೊತ್ತು ತಂಪು. ತೆಂಗಿನೆಣ್ಣೆಯಿಂದ ಚರ್ಮ ಮೆತ್ತಗಾಯಿತು, ತುರಿಕೆ ಹಾಗೇ ಇತ್ತು.

ಮರುದಿನ ಗಟ್ಟಿಯಾಗಿ ಉಳಿಯುವ ಗಂಟಿಗೆ 1% ಹೈಡ್ರೋಕಾರ್ಟಿಸೋನ್ ಎಂಬ ಸೌಮ್ಯ ಸ್ಟೀರಾಯ್ಡ್ ಮುಲಾಮು ಚೆನ್ನಾಗಿ ಹಿಡಿಯುತ್ತದೆ, ತೆಳ್ಳಗೆ ಹಚ್ಚಿದರೆ ಸಾಕು. ಅಂಗಡಿಯಲ್ಲಿ "ತುರಿಕೆಗೆ" ಎಂದರೆ ಸುಮ್ನೆ ಎತ್ತಿಕೊಡುವ, ಜೋರು ಸ್ಟೀರಾಯ್ಡ್ ಬೆರೆಸಿದ ಟ್ಯೂಬುಗಳು ಮಾತ್ರ ಬೇಡ. ಮಳೆಗಾಲದಲ್ಲಿ ಹುಳುಕಡ್ಡಿ ಯಾರಿಗೆ ಬರುವುದಿಲ್ಲ ಹೇಳಿ? ಅದರ ಮೇಲೆ ಇದು ಬಿದ್ದರೆ ಹುಳುಕಡ್ಡಿ ಮತ್ತಷ್ಟು ಹರಡುತ್ತದೆ.

ಮೈತುಂಬ ಕಚ್ಚಿಸಿಕೊಂಡ ದಿನ ರಾತ್ರಿ, ಹಿಸ್ಟಮಿನ್ ತಡೆಯುವ ಸೆಟಿರಿಜಿನ್ ಮಾತ್ರೆ ನೆರವಾಗುತ್ತದೆ. ಕೆಲವರಿಗೆ ಅದರಿಂದ ನಿದ್ದೆ ಎಳೆಯುತ್ತದೆ. ಮರ ಹತ್ತುವವರು, ಬೈಕ್ ಓಡಿಸುವವರು ಹಗಲಲ್ಲಿ ತಿನ್ನಬೇಡಿ. ಮಕ್ಕಳಿಗೆ ಎಷ್ಟು ಕೊಡಬೇಕೆಂದು ಡಾಕ್ಟರನ್ನೇ ಕೇಳಿ. ನಿದ್ದೆಗಣ್ಣಲ್ಲಿ ಕೆರೆಯುವ ಮಕ್ಕಳಿಗೆ ಉಗುರು ಗಿಡ್ಡ ಕತ್ತರಿಸಿ, ಲೋಷನ್ ಆರಿದ ಮೇಲೆ ಮೊಣಕಾಲಿನವರೆಗೆ ಬರುವ ತೆಳು ಹತ್ತಿಯ ಸಾಕ್ಸ್ ಹಾಕಿ ಮಲಗಿಸಿ.