ಡ್ರೋನ್ ಹಾರಿಸುವ ಮುನ್ನ ಗಾಳಿಗೆ ಯಾವ ಆ್ಯಪ್, ಜಾಗಕ್ಕೆ ಯಾವ ನಕ್ಷೆ?

ಡ್ರೋನ್ ಹಾರಿಸುವ ಮುನ್ನ ಗಾಳಿಯ ಅಂದಾಜಿಗಾಗಿ ನಾನು ಯುಎವಿ ಫೋರ್‌ಕಾಸ್ಟ್ ಮತ್ತು ವಿಂಡಿ ಎಂಬ ಎರಡು ಹವಾಮಾನ ಆ್ಯಪ್‌ಗಳು, ಜೊತೆಗೆ ಕೈಯಲ್ಲಿ ಹಿಡಿಯುವ ಗಾಳಿಮಾಪಕ, ಈ ಮೂರನ್ನೂ ಜೊತೆಜೊತೆಯಾಗಿ ಬಳಸಿ ನೋಡಿದ್ದೇನೆ. ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ವಿಂಡಿಯನ್ನು ಉಳಿಸಿಕೊಳ್ಳುತ್ತೇನೆ.

ಯುಎವಿ ಫೋರ್‌ಕಾಸ್ಟ್ ಗಾಳಿಯ ವೇಗ, ಮಳೆಯ ಸಾಧ್ಯತೆ, ಮೋಡ, ಗೋಚರತೆ, ಸಿಗುವ ಉಪಗ್ರಹಗಳ ಸಂಖ್ಯೆ ಎಲ್ಲವನ್ನೂ ಒಂದೇ ಪರದೆಯಲ್ಲಿ ಕೊಟ್ಟು, ಹಾರಿಸಬಹುದೋ ಇಲ್ಲವೋ ಎಂಬ ತೀರ್ಪನ್ನೂ ಹೇಳುತ್ತದೆ. ಭೂಮಿಯ ಕಾಂತಕ್ಷೇತ್ರದ ಏರುಪೇರನ್ನು ತೋರಿಸುವ ಕೆಪಿ ಸೂಚ್ಯಂಕವೂ ಅಲ್ಲಿರುತ್ತದೆ. ಅದು 5 ಮುಟ್ಟಿದರೆ ಜಿಪಿಎಸ್ ನಂಬಿ ದೂರ ಹೋಗದಿರುವುದು ಲೇಸು. ಆದರೆ ಆ ತೀರ್ಪು ನಿಂತಿರುವುದು ಸೆಟ್ಟಿಂಗ್ಸ್‌ನಲ್ಲಿರುವ ಮಿತಿಗಳ ಮೇಲೆ. ಡಿಜೆಐ ಮಿನಿ 4 ಪ್ರೋದಂತಹ ಹಗುರ ಡ್ರೋನಿಗೆ ತಯಾರಕರು ಹೇಳುವ ಗರಿಷ್ಠ ಗಾಳಿ ಸೆಕೆಂಡಿಗೆ 10.7 ಮೀಟರ್; ನಾನು ಅದಕ್ಕಿಂತ ಸಾಕಷ್ಟು ಕೆಳಗಿನ ಅಂಕಿಯನ್ನೇ ತುಂಬುತ್ತೇನೆ.

ಕಾರಣ ಮರಳಿ ಬರುವ ದಾರಿಯಲ್ಲಿದೆ. ಸೆಕೆಂಡಿಗೆ 10 ಮೀಟರ್ ವೇಗದ ಡ್ರೋನು ಗಾಳಿಯ ಜೊತೆಗೆ 600 ಮೀಟರ್ ದೂರ ಸಲೀಸಾಗಿ ಹೋಗಿಬಿಡುತ್ತದೆ. ಎದುರುಗಾಳಿ 8 ಮೀಟರ್ ಇದ್ದರೆ ಮರಳುವಾಗ ಉಳಿಯುವ ವೇಗ ಬರೀ 2 ಮೀಟರ್, ಅಂದರೆ ಗಾಳಿಯಿಲ್ಲದಿದ್ದರೆ ಒಂದು ನಿಮಿಷ ಹಿಡಿಯುವ ದಾರಿಗೆ ಐದು ನಿಮಿಷ. ಬ್ಯಾಟರಿ ಅಷ್ಟು ಹೊತ್ತು ಬರುತ್ತದೆಯೇ ಎಂಬುದನ್ನು ಹೊರಡುವಾಗಲೇ ಲೆಕ್ಕ ಹಾಕಬೇಕು.

ವಿಂಡಿ ಮೇಲುಗೈ ಸಾಧಿಸುವುದು ಇಲ್ಲಿಯೇ. ಮುನ್ಸೂಚನೆಯಲ್ಲಿ ನೆಲಮಟ್ಟದ ಗಾಳಿ ಎಂದು ಕಾಣುವುದು ಸಾಮಾನ್ಯವಾಗಿ 10 ಮೀಟರ್ ಎತ್ತರದ್ದು, ಆದರೆ ವಿಂಡಿಯಲ್ಲಿ 100 ಮೀಟರಿನ ಪದರವನ್ನು ಬೇರೆಯಾಗಿ ತೆರೆದು, ಗಾಳಿಯ ಹಠಾತ್ ಹೊಡೆತಗಳನ್ನೂ ನೋಡಿ, ಯುರೋಪಿನ ಇಸಿಎಂಡಬ್ಲ್ಯುಎಫ್ ಮತ್ತು ಅಮೆರಿಕದ ಜಿಎಫ್‌ಎಸ್ ಎಂಬ ಹವಾಮಾನ ಮುನ್ಸೂಚನೆಯ ಮಾದರಿಗಳನ್ನು ಅಕ್ಕಪಕ್ಕ ಹೋಲಿಸಬಹುದು. ಎರಡೂ ಒಂದೇ ಮಾತು ಹೇಳಿದರೆ ಧೈರ್ಯ ಬರುತ್ತದೆ. ಬೇರೆ ಬೇರೆ ಹೇಳಿದರೆ ಹೆಚ್ಚಿನ ಅಂಕಿಯನ್ನೇ ನಿಜವೆಂದುಕೊಳ್ಳುತ್ತೇನೆ. ಗಾಳಿಮಾಪಕ ಸುಳ್ಳು ಹೇಳುವುದಿಲ್ಲ, ಆದರೆ ಅದು ಹೇಳುವುದು ನಾವು ನಿಂತ ಜಾಗದ ಸಂಗತಿಯನ್ನು ಮಾತ್ರ. ಮರಗಳ ಮರೆಯಲ್ಲಿ ಅದರ ಚಕ್ರ ಮೆಲ್ಲಗೆ ತಿರುಗುತ್ತಿರುವಾಗಲೇ ಮೇಲೆ ಡ್ರೋನು ವಾಲಿಕೊಂಡು ಗಾಳಿಯ ಎಚ್ಚರಿಕೆ ತೋರಿಸುವುದನ್ನು ಕಂಡಿದ್ದೇನೆ.

ಜಾಗದ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ತಯಾರಕರ ಆ್ಯಪಿನ ನಕ್ಷೆ ಬೇಗ ತೆರೆದುಕೊಳ್ಳುತ್ತದೆ, ಓದಲು ಸುಲಭ. ಆಯಾ ದೇಶದ ವಿಮಾನಯಾನ ಪ್ರಾಧಿಕಾರದ ನಕ್ಷೆಯಲ್ಲಿ ಹುಡುಕಾಟ ಹೆಚ್ಚು. ಆದರೂ ಕಾನೂನಿನ ಬಲವಿರುವುದು ಎರಡನೆಯದಕ್ಕೇ. ಡಿಜೆಐ 2025ರ ಜನವರಿಯಲ್ಲಿ ಅಮೆರಿಕದಲ್ಲಿ ನಿಷೇಧಿತ ವಲಯಗಳಲ್ಲಿ ಡ್ರೋನು ಮೇಲೇರದಂತೆ ತಾನು ಹಾಕಿದ್ದ ತಡೆಯನ್ನು ತೆಗೆದು ಬರೀ ಎಚ್ಚರಿಕೆಯನ್ನು ಉಳಿಸಿತು. ಆದ್ದರಿಂದ ಡ್ರೋನು ಮೇಲೇರಿತೆಂದ ಮಾತ್ರಕ್ಕೆ ಅನುಮತಿ ಸಿಕ್ಕಿತೆಂದಲ್ಲ. ತಾತ್ಕಾಲಿಕ ನಿರ್ಬಂಧಗಳಿಗಾಗಿ ವಿಮಾನ ಹಾರಿಸುವವರಿಗಾಗಿ ಹೊರಡಿಸುವ ನೋಟಾಮ್ ಪ್ರಕಟಣೆಗಳನ್ನು ಹಾರಿಸುವ ದಿನವೇ ನೋಡಬೇಕು. ಅನೇಕ ದೇಶಗಳಲ್ಲಿ ಇರುವ ಸುಮಾರು 120 ಮೀಟರಿನ ಎತ್ತರದ ಮಿತಿಯನ್ನು ಡ್ರೋನಿನ ಕೆಳಗಿರುವ ನೆಲದಿಂದ ಅಳೆಯುತ್ತಾರೆ, ಪರದೆಯ ಅಂಕಿಯಾದರೋ ಮೇಲೇರಿದ ಜಾಗದಿಂದ. ಗುಡ್ಡದ ತುದಿಯಿಂದ ಕಣಿವೆಯತ್ತ ಹಾರಿಸುವಾಗ ಈ ವ್ಯತ್ಯಾಸವನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು.